ಒಲೆಗೆ ಹಾಕಿದ ಉಣ್ಣೆ

ಈ ಸಂಗತಿಯನ್ನು ನಮ್ಮ ಸೀಮೆಯಲ್ಲಿ ಎರಡು ಬಗೆಯಾಗಿ ಹೇಳುತ್ತಾರೆ. ದವಾಖಾನೆಯ ಕಂಪೌಂಡರ್ ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಒಳಗೆ ಏನಿದೆಯೆಂದು ಹೇಳಿಬಿಟ್ಟ ಎನ್ನುವುದು ಒಂದು. ಸೊಸೆಗೆ ಅತ್ತೆ ಹಾಕಿದ್ದ ಮದ್ದನ್ನು ಗಡಿಯಾಚೆಯ ಡಾಕ್ಟರು ಕೊಯ್ದು ತೆಗೆದರು ಎನ್ನುವುದು ಇನ್ನೊಂದು. ಆ ಕಂಪೌಂಡರ್ ನಾನೇ ಆದ್ದರಿಂದ ಮೊದಲನೆಯದು ಸುಳ್ಳೆಂದು ಖಚಿತವಾಗಿ ಹೇಳಬಲ್ಲೆ. ಎರಡನೆಯದೂ ಸುಳ್ಳೇ, ಆದರೆ ಅದನ್ನು ಸುಳ್ಳೆಂದು ತೋರಿಸುವುದು ಅಷ್ಟು ಸುಲಭವಲ್ಲ. ರೋಗದ ಪುರಾವೆ ತಾನಾಗಿ ನನ್ನ ಅಂಗೈಗೆ ಬಂದಿತ್ತು. ನಾನು ಅದನ್ನು ಒಲೆಗೆ ಎಸೆದೆ. ಮತ್ತೆ ಅದರ ಬಳಿಗೆ ಬರಲು ಒಂದೂವರೆ ತಿಂಗಳು ಹಿಡಿಯಿತು. ನಡೆದದ್ದು ಇಷ್ಟು, ಉಳಿದದ್ದು ವಿವರ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ಹೈದರಾಬಾದ್ ಸಂಸ್ಥಾನದಲ್ಲಿ, ಯಲಬುರ್ಗಾಕ್ಕೂ ಕುಷ್ಟಗಿಗೂ ನಡುವೆ, ಎರೆಹೊಲಗಳ ಒಂದು ಊರಿನ ದವಾಖಾನೆಯಲ್ಲಿ ನಾನಿದ್ದೆ. ಊರಿನ ಹೆಸರು ಇಲ್ಲಿ ಬೇಕಿಲ್ಲ. ಎರಡು ಕೋಣೆ, ಒಂದು ಪಡಸಾಲೆ. ಡಾಕ್ಟರ್ ಸಾಹೇಬರು, ನಾನು, ಕಸಗುಡಿಸಿ ನೀರು ತುಂಬುವ ಒಬ್ಬ ಹೆಂಗಸು. ಸಾಹೇಬರು ಹೈದರಾಬಾದಿನಲ್ಲಿ ಕಲಿತವರು. ಯಾವ ರೋಗಿಯನ್ನೂ ಗದರಿದವರಲ್ಲ. ಕುನೈನ್ ಆಗ ಅಪರೂಪವಾಗಿತ್ತು. ಅದನ್ನಿಟ್ಟ ಕಪಾಟಿನ ಕೀಲಿ ಅವರ ಶೇರವಾನಿಯ ಜೇಬಿನಲ್ಲೇ ಇರುತ್ತಿತ್ತು. ನನ್ನ ಬಳಿ ಇದ್ದದ್ದು ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಶಸ್ತ್ರವೈದ್ಯದ ಪುಸ್ತಕ ಮತ್ತು ಒಂದು ನಿಘಂಟು. ವಾರಕ್ಕೆ ಒಂದು ಪುಟದಂತೆ ಓದುತ್ತಿದ್ದೆ. ಓದಿದ್ದನ್ನೂ ಪೂರ್ತಿ ನಂಬುತ್ತಿರಲಿಲ್ಲ. ಕೇಳಿದ್ದನ್ನಂತೂ ನಂಬುವ ಅಭ್ಯಾಸವೇ ಇರಲಿಲ್ಲ.

ಸಂಕ್ರಾಂತಿ ಕಳೆದು ಬಿಳಿಜೋಳ ತೆನೆ ಕಟ್ಟುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ, ಹಲ್ಲಿಲ್ಲದ ಒಬ್ಬ ಮುದುಕಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳನ್ನು ಕರೆತಂದಳು. ಕಂಬಳಿ ನೇಯುವ ಮನೆಯವರು. ಮುದುಕಿಯ ಮಗ ಕುರಿ ಹಿಂಡಿನೊಂದಿಗೆ ಹೊಳೆಯ ದಿಕ್ಕಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

“ಯಪ್ಪಾ, ಈಕಿ ನನ್ನ ಸೊಸಿ. ಎರಡ ತುತ್ತಿಗೆ ಸಾಕಂತಾಳ್ರಿ. ಮೂರನೇ ತುತ್ತು ಇಟ್ರ ಹೊರಗ ಬರ್ತೈತಿ. ದೀಪಾವಳಿಯಿಂದ ಹಿಂಗಽ ನಡದೈತಿ.”

ಸೊಸೆ ಬಡಕಲಾಗಿದ್ದಳು, ಹೊಟ್ಟೆ ಮಾತ್ರ ಎಡಪಕ್ಕೆಯ ಕೆಳಗೆ ಉಬ್ಬಿತ್ತು. ಸಾಹೇಬರು ಕೈಯಿಟ್ಟು ನೋಡಿ ಎದ್ದರು. “ತಿಲ್ಲಿ ಐತಿ, ತಿಲ್ಲಿ. ಮಲೇರಿಯಾ. ಕುನೈನ್ ಕೊಡ್ರಿ, ಲೋಹದ ಮಿಕ್ಸ್ಚರ್ ಕೊಡ್ರಿ. ಬಸ್.” ತಿಲ್ಲಿಯೆಂದರೆ ಗುಲ್ಮ, ಚಳಿಜ್ವರ ಬಂದು ಬಂದು ಊದಿದಾಗ ಜನ ಅದನ್ನು ಜ್ವರಗಡ್ಡೆ ಎನ್ನುತ್ತಾರೆ. ಆ ಸೀಮೆಯಲ್ಲಿ, ಆ ಕಾಲದಲ್ಲಿ, ಎಡಪಕ್ಕೆಯ ಗಡ್ಡೆಯನ್ನು ಗುಲ್ಮವೆಂದು ಊಹಿಸಿದವರನ್ನು ತಪ್ಪುಗಾರರೆನ್ನಲು ನಾನು ಸಿದ್ಧನಿಲ್ಲ.

ನಾನು ಪುಡಿಯ ಪೊಟ್ಟಣ ಕಟ್ಟುತ್ತಿರುವಾಗ ಮುದುಕಿ ಸೆರಗಿನ ಗಂಟು ಬಿಚ್ಚಿ, ಬಾರಿಹಣ್ಣಿನ ಗಾತ್ರದ ಕಪ್ಪು ಉಂಡೆಯೊಂದನ್ನು ನನ್ನ ಅಂಗೈಗೆ ಹಾಕಿದಳು. “ನಿನ್ನೆ ಈಕಿ ಕಾರಿದ್ರಾಗ ಇದು ಬಂತ್ರಿ.”

ಅದು ಕೂದಲಿನ ಉಂಡೆಯಂತೆ ಕಂಡಿತು. ನನಗೆ ನಗು ಬಂತು. ಏಕೆಂದರೆ ಹೋದ ವರ್ಷವಷ್ಟೇ, ಗಂಗಾವತಿಯ ದಿಕ್ಕಿನಿಂದ ಬರುತ್ತಿದ್ದ ಮದ್ದು ತೆಗೆಯುವವನೊಬ್ಬನನ್ನು ನಾನು ಸಂತೆಯಲ್ಲಿ ಎಲ್ಲರ ಎದುರು ಹಿಡಿದಿದ್ದೆ. ವೈರಿಗಳು ಅನ್ನದಲ್ಲಿ ಮದ್ದು ಬೆರೆಸಿ ಉಣಿಸುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ಜನ ನಂಬುತ್ತಾರೆ. ಆತ ಯಾವುದೋ ಬೇರಿನ ರಸ ಕುಡಿಸಿ ವಾಂತಿ ಮಾಡಿಸಿ, ಅದರೊಳಗಿಂದ ಕೂದಲ ಉಂಡೆ ಎತ್ತಿ ತೋರಿಸುತ್ತಿದ್ದ. ಉಂಡೆ ಅವನ ಬೆರಳ ಸಂದಿಯಲ್ಲಿ ಮೊದಲೇ ಇರುತ್ತಿತ್ತು. ಅವನ ಕೈ ಬಿಡಿಸಿ ತೋರಿಸಿದವನು ನಾನು. ಆ ಹೆಮ್ಮೆ ಇನ್ನೂ ಆರಿರಲಿಲ್ಲ.

“ಮದ್ದು ತೆಗಿಯಾಂವ ನಿಮ್ಮ ಮನಿಗೂ ಬಂದಿದ್ನೇನವ್ವ?” ಎಂದೆ.

“ಹೋದ ವಾರ ಬಾಗಲಿಗೆ ಬಂದು ಹೋದಾನ್ರಿ. ಖರೆ, ಇದು ಅಂವ ಬಂದಾಗಿಂದಲ್ರಿ, ಇದು…”

ನಾನು ಪೂರ್ತಿ ಕೇಳಲಿಲ್ಲ. ಸೂಜಿ ಕುದಿಸುವ ಒಲೆಗೆ ಉಂಡೆಯನ್ನು ಎಸೆದುಬಿಟ್ಟೆ. ಕೂದಲು ಸುಟ್ಟ ವಾಸನೆ ಬಂತು. ನನ್ನ ತೀರ್ಮಾನಕ್ಕೆ ಅದೇ ರುಜುವಾತೆಂದು ತಿಳಿದೆ.

“ಅಯ್ಯ, ಸುಟ್ರೇನ್ರಿ? ನೋಡ್ಲೇ ಇಲ್ಲಲ್ರಿ ನೀವು!” ಎಂದಳು ಮುದುಕಿ.

“ನೋಡೂದೇನೈತಿ ಅದ್ರಾಗ? ಪುಡಿ ತಪ್ಪದಽ ಕೊಡು, ಹೋಗು.”

ಎರಡು ವಾರ ಕುನೈನ್ ಆಯಿತು. ಆಕೆಯ ಕಿವಿಯಲ್ಲಿ ಗುಂಯ್‍ಗುಡುವಿಕೆ ಶುರುವಾಯಿತೇ ಹೊರತು ಗಡ್ಡೆ ಕರಗಲಿಲ್ಲ. ಚಳಿ ಹತ್ತಿ ಜ್ವರ ಬಂದದ್ದುಂಟೇ ಎಂದು ಕೇಳಿದೆ, ಎಂದೂ ಇಲ್ಲವೆಂದಳು. ಆ ರಾತ್ರಿಯ ಓದು ನನಗೆ ನೆಮ್ಮದಿ ಕೊಡಲಿಲ್ಲ. ಊದಿದ ಗುಲ್ಮದ ಅಂಚಿನಲ್ಲಿ ಒಂದು ಕಚ್ಚು ಬೆರಳಿಗೆ ಸಿಗಬೇಕು. ಅದಕ್ಕೂ ಪಕ್ಕೆಲುಬಿಗೂ ನಡುವೆ ಬೆರಳು ತೂರಬಾರದು. ಉಸಿರೆಳೆದಾಗ ಅದು ಕೆಳಗಿಳಿಯಬೇಕು. ಮುಂದಿನ ಸಲ ಆಕೆ ಬಂದಾಗ ನಾನೇ ನೋಡಿದೆ. ಕಚ್ಚು ಸಿಗಲಿಲ್ಲ. ಪಕ್ಕೆಲುಬಿನ ಕೆಳಗೆ ನನ್ನ ಎರಡು ಬೆರಳು ಸರಾಗವಾಗಿ ತೂರಿದವು. ಅಂಗೈಯಿಂದ ನೂಕಿದರೆ ಗಡ್ಡೆ ಬಲಕ್ಕೆ ಸರಿಯಿತು.

ಸಾಹೇಬರಿಗೆ ಹೇಳಿದೆ. ಅವರು ಹುಕ್ಕಾದ ನಳಿಕೆಯನ್ನು ಪಕ್ಕಕ್ಕಿಟ್ಟು ನನ್ನನ್ನು ದಿಟ್ಟಿಸಿದರು. “ಕಿತಾಬ್ ಓದಿ ಓದಿ ನಿಮ್ಮ ತಿಲ್ಲಿ ಊದೈತ್ರಿ. ಕುನೈನ್ ನೀವೇ ತಗೊಳ್ರಿ.” ಮಾತಿನಲ್ಲಿ ವಿಷವಿರಲಿಲ್ಲ. ಆದರೆ ಅವರು ಮತ್ತೆ ಹೊಟ್ಟೆ ಮುಟ್ಟಲಿಲ್ಲ.

ಗುಲ್ಮವಲ್ಲವೆಂದ ಮೇಲೆ ಏನೆಂದು ಹೇಳುವ ಹೊಣೆ ನನ್ನದಾಯಿತು. ಕರುಳಿನಲ್ಲಿ ಮಲ ಕಟ್ಟಿರಬಹುದೆಂದು ಊಹಿಸಿ ಹರಳೆಣ್ಣೆ ಕುಡಿಸಿದೆ. ಅದು ನನ್ನ ಎರಡನೆಯ ತಪ್ಪು. ಮಧ್ಯಾಹ್ನದ ಹೊತ್ತಿಗೆ ಆಕೆ ಪಡಸಾಲೆಯಲ್ಲಿ ಮಂಡಿ ಹೊಟ್ಟೆಗೆ ಒತ್ತಿಕೊಂಡು ಹೊರಳಿದಳು. ಅತ್ತೆ ಆಕೆಯನ್ನು ಎಬ್ಬಿಸಿಕೊಂಡು ಹೋದಳು. ಆಮೇಲೆ ಅವರು ದವಾಖಾನೆಗೆ ಬರುವುದು ನಿಂತಿತು.

ಉಂಡೆ ಸುಟ್ಟಂದಿನಿಂದ ಹೀಗೆ ಒಂದೂವರೆ ತಿಂಗಳು ಕಳೆದಿರುವಾಗ, ಕಸಗುಡಿಸುವ ಹೆಂಗಸು ಬಾಟಲಿ ತೊಳೆಯುತ್ತ ಹೇಳಿದಳು: “ಆ ಕಂಬಳಿಯವರ ಮುದಿಕೀನಽ ಸೊಸಿಗೆ ಮದ್ದು ಹಾಕ್ಯಾಳಂತ್ರಿ. ದೈವದವರು ಕೂಡಿದ್ರು. ಅಮಾಸಿ ದಿನ ಆ ಮದ್ದು ತೆಗಿಯಾಂವನ್ನ ಕರಸಿ ತೆಗಸ್ತಾರಂತ. ಉಂಡಿ ಬಿತ್ತಂದ್ರ ಮುದಿಕೀನ್ನ ಊರ ಬಿಡಸ್ತಾರಂತ.”

ಅಮಾವಾಸ್ಯೆಗೆ ಐದು ದಿನವಿತ್ತು. ದೈವದವರೆಂದರೆ ಊರ ಹಿರಿಯರು. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಅಷ್ಟು ನಿತ್ರಾಣವಾದ ಹೆಣ್ಣಿಗೆ ವಾಂತಿಯ ಬೇರು ಕುಡಿಸಿದರೆ ಆಕೆ ಉಳಿಯುವುದಿಲ್ಲವೆಂಬುದು ನನ್ನ ಮೊದಲ ಯೋಚನೆ. ಎರಡನೆಯ ಯೋಚನೆ ತಡವಾಗಿ ಬಂತು, ಬಂದು ಅಲ್ಲೇ ನಿಂತಿತು. ಮದ್ದು ಹಾಕಿದವಳೆಂಬ ಅಪವಾದ ಈ ಮುದುಕಿಯ ಮೇಲೆ. ಹೊಟ್ಟೆಯಿಂದ ಉಂಡೆ ಬಿದ್ದರೆ ಹಾಳಾಗುವವಳು ಅವಳೇ. ಹಾಗಿದ್ದ ಮೇಲೆ, ಆ ಉಂಡೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನನ್ನ ಬಳಿಗೆ ತಂದವಳೂ ಅವಳೇ ಏಕಾದಳು? ತನ್ನ ಮೇಲೆಯೇ ಸುಳ್ಳು ಸಾಕ್ಷಿ ಹುಟ್ಟಿಸುವವರು ಇರುವುದಿಲ್ಲ. ಹಾಗಾದರೆ ಆ ಉಂಡೆ ನಿಜವಾಗಿಯೂ ಹೊಟ್ಟೆಯಿಂದ ಬಂದದ್ದು. ಒಬ್ಬ ಮೋಸಗಾರನನ್ನು ಹಿಡಿದ ಸೊಕ್ಕಿನಲ್ಲಿ ನಾನು ಕೂದಲಿನ ಎಲ್ಲ ಉಂಡೆಗಳನ್ನೂ ಮೋಸವೆಂದು ತೀರ್ಮಾನಿಸಿದ್ದೆ. ಅನುಮಾನಿಸುವುದು ನನ್ನ ಕಸುಬೆಂದು ಭಾವಿಸಿದ್ದವನು, ನನ್ನದೇ ತೀರ್ಮಾನವನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಅಂದೇ ಅವರ ಮನೆಗೆ ಹೋದೆ. ಮುದುಕಿ ಹೊಸ್ತಿಲಲ್ಲೇ ಕೂತಿದ್ದಳು. “ಬರ್ರಿ ಸಾಹೇಬ್ರ. ಈ ಸಲ ಏನ್ ಸುಡಾಕ ಬಂದ್ರಿ?”

“ತಪ್ಪಾಗೈತವ್ವ. ಅಂಥಾದ್ದು ಇನ್ನೊಂದು ಬಂದಿತ್ತೇನು?”

ಅವಳು ಎದ್ದು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದಳು. “ಬಂದಿತ್ತು. ನಿಮ್ಮ ಕೈಯಾಗ ಮಾತ್ರ ಕೊಡಾಂಗಿಲ್ಲ. ಇಲ್ಲೇ ನೋಡ್ರಿ, ನಾ ಹಿಡದಿರ್ತೀನಿ.”

ಅವಳು ಬಟ್ಟಲು ಹಿಡಿದಳು. ನಾನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಂಡೆಯನ್ನು ತೊಳೆದೆ. ನೀರಿಗೆ ಬಿಳಿಯ ಅಂಟು ಬಿಟ್ಟಿತು. ಎಳೆಗಳನ್ನು ಬಿಡಿಸಿ ಭೂತಗಾಜಿನಲ್ಲಿ ನೋಡಿದೆ. ಸೊಸೆಯ ಕೂದಲು ಉದ್ದ, ನೇರ. ಇವು ಬೆರಳಗಲದ ತುಣುಕುಗಳು, ಒಂದೊಂದೂ ಸುರುಳಿಯಾದವು. ಕೋಣೆಯ ನಡುವೆ, ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಮಗ್ಗವಿತ್ತು. ಅದರ ಮೇಲೆ ಕರಿಯ ಉಣ್ಣೆಯ ಉದ್ದೆಳೆಗಳ ಹಾಸು, ಹುಣಸೆ ಬೀಜದ ಸರಿ ಎಂಬ ಗಂಜಿ ಕುಡಿದು ಬಿಗಿಯಾಗಿ ನಿಂತಿತ್ತು. ಅದರಿಂದ ಒಂದೆಳೆ ಕಿತ್ತು ಪಕ್ಕದಲ್ಲಿಟ್ಟೆ. ಎರಡೂ ಒಂದೇ.

ಆಮೇಲೆ ಸೊಸೆಯ ಗಡ್ಡೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ ಹಿಡಿದು ಬಿಟ್ಟೆ. ಒತ್ತಿದಲ್ಲಿ ಕುಳಿ ಬಿತ್ತು. ಅದು ತುಂಬಿಕೊಳ್ಳಲು ಹೊತ್ತು ಹಿಡಿಯಿತು. ಒದ್ದೆ ಕಂಬಳಿಯ ಸುರುಳಿಯನ್ನು ಒತ್ತಿದರೆ ಹೀಗೆಯೇ ಆಗುತ್ತದೆ. ಗುಲ್ಮದಲ್ಲಿ ಕುಳಿ ಬೀಳುವುದಿಲ್ಲ.

“ನೀ ಉಣ್ಣಿ ತಿಂತೀಯೇನವ್ವ?” ಎಂದು ಕೇಳಿದೆ.

ಆ ನಿತ್ರಾಣದಲ್ಲೂ ಆಕೆಗೆ ಸಿಟ್ಟು ಬಂತು. “ನಾನೇನ್ ನುಸೀನೇನ್ರಿ, ಉಣ್ಣಿ ತಿನ್ನಾಕ?”

ಆಕೆ ಸುಳ್ಳಾಡುವಂತೆ ಕಾಣಲಿಲ್ಲ. ಅದೇ ನನ್ನನ್ನು ಕಾಡಿದ್ದು.

ಮರುದಿನ ಸಾಹೇಬರ ಎದುರು ನಿಂತು, ಸೊಸೆಯನ್ನು ಗಡಿಯಾಚೆಯ ಬ್ರಿಟಿಷ್ ಸೀಮೆಯ ಮಿಷನ್ ಆಸ್ಪತ್ರೆಗೆ ಕರೆದೊಯ್ಯಲು ರಜೆ ಮತ್ತು ಚೀಟಿ ಕೇಳಿದೆ. ಅವರು ಲೇಖನಿ ಎತ್ತಿಕೊಂಡರು. “ಹೋಗ್ರಿ. ಆದ್ರ ಚೀಟಿ ಮೇಲೆ ತಿಲ್ಲಿ ಅಂತಾನೇ ಬರೀತೀನಿ. ನಾನು ನೋಡಿದ್ದು ಅದೇ. ನೋಡದೇ ಇದ್ದದ್ದಕ್ಕೆ ದಸ್ತಖತ್ ಹಾಕಾಂಗಿಲ್ಲ.” ಅವರ ಮಾತು ನ್ಯಾಯವಾದದ್ದೇ. ಆ ಚೀಟಿಯನ್ನು ಮುಂದೊಂದು ದಿನ ಅವರೇ ನನ್ನಿಂದ ಕೇಳಿ ಪಡೆದು, ತಿಲ್ಲಿ ಎಂಬ ಮಾತನ್ನು ಹೊಡೆದುಹಾಕಿ ಹಿಂದಿರುಗಿಸಿದರು.

ಮುದುಕಿಗೆ ಮರೆಮಾಚದೆ ಹೇಳಿದೆ: “ಕೊಯ್ದು ನೋಡ್ಬೇಕಾಗ್ತದ. ನಾ ಹೇಳೂದು ತಪ್ಪಿದ್ರೂ ಇರಬಹುದು. ಈಗಾಗ್ಲೇ ಎರಡ ಸಲ ತಪ್ಪೀನಿ.”

“ಅಲ್ಲಿ ಸತ್ರ ನಾನಽ ಕೊಂದಾಕಿ ಅಂತಾರ. ಇಲ್ಲಿ ಸತ್ರೂ ನಾನಽ ಕೊಂದಾಕಿ,” ಎಂದಳು ಅವಳು. “ಬಂಡಿ ಹೂಡಸ್ತೀನಿ. ನೀವು ಮಾತ್ರ ನಡು ದಾರಿಯಾಗ ಶಾಣ್ಯಾತನ ಮಾಡಬ್ಯಾಡ್ರಿ.”

ಬೆಳಕು ಹರಿಯುತ್ತಲೇ ಹೊರಟೆವು. ಬಿರುಕು ಬಿಟ್ಟ ಎರೆಯ ಹಾದಿಯಲ್ಲಿ ಚಕ್ರ ಏರಿಳಿದಾಗಲೆಲ್ಲ ಆಕೆ ಹಲ್ಲು ಕಚ್ಚುತ್ತಿದ್ದಳು. ತಳಕಲ್ ಸ್ಟೇಷನ್ನಿನಲ್ಲಿ, ಸರಹದ್ದು ದಾಟುವ ಸಾಮಾನು ತಪಾಸಣೆ ಮಾಡುವ ಸುಂಕದ ಜವಾನ, ಮುದುಕಿ ಕೊನೆಗೂ ನನ್ನ ಕೈಗೊಪ್ಪಿಸಿದ್ದ ಡಬ್ಬಿಯ ಮೇಲೆ ಬೆರಳು ಬಡಿದ.

“ಏನೈತ್ರಿ ಇದ್ರಾಗ?”

“ಉಣ್ಣೆ.”

“ಉಣ್ಣಿಗೆ ಸುಂಕ ಐತಿ.”

ಮುದುಕಿ ತಿರುಗಿ ನಿಂತಳು. “ಹೊಟ್ಟಿಯೊಳಗಿನ ಉಣ್ಣಿಗೂ ಐತೇನಪ್ಪ? ಈಕಿ ಹೊಟ್ಟಿಯಾಗ ಇನ್ನೂ ಒಂದ ಹೊರಿ ಐತಿ. ತಕ್ಕಡಿ ತಾ, ತೂಗು.” ಜವಾನ ಸೊಸೆಯ ಮುಖ ನೋಡಿ, ದಾರಿ ಬಿಟ್ಟ. ಆ ಪ್ರಯಾಣದಲ್ಲಿ ಸೊಸೆ ನಕ್ಕದ್ದು ಆಗ ಒಮ್ಮೆಯೇ.

ಮಿಷನ್ ಆಸ್ಪತ್ರೆಯ ಸರ್ಜನ್ನರು ಕರಾವಳಿಯವರು. ಪಡಸಾಲೆಯ ತುಂಬ ಜನ. ಅವರು ಚೀಟಿ ಓದಿದರು, ಹೊಟ್ಟೆ ಮುಟ್ಟಿದರು. ದಾರಿಯ ನೋವಿಗೆ ಆಕೆಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಗಡ್ಡೆ ಸರಿಯಲೂ ಇಲ್ಲ, ಕುಳಿ ಬೀಳಲೂ ಇಲ್ಲ. “ಇದು ಗುಲ್ಮವೇ ಮಾರಾಯರೇ. ನಿಮ್ಮ ಡಾಕ್ಟರೂ ಹಾಗೆಯೇ ಬರೆದಿದ್ದಾರಲ್ಲ. ಕೊಯ್ದರೆ ಮೇಜಿನ ಮೇಲೆಯೇ ಹೋದಾಳು. ಕರೆದುಕೊಂಡು ಹೋಗಿ.”

ಕ್ಷ-ಕಿರಣದ ಫೋಟೋ ತೆಗೆಯಬಹುದೇ ಎಂದೆ. ಯುದ್ಧದಿಂದಾಗಿ ಅದರ ಫಿಲ್ಮು ಬರುವುದು ನಿಂತಿದೆಯೆಂದರು. ಆಗ ಡಬ್ಬಿ ತೆರೆದು ಮೇಜಿನ ಮೇಲಿಟ್ಟೆ.

“ಇದು ಹೊಟ್ಟೆಯಿಂದಲೇ ಬಂದದ್ದು ಅಂತ ಕಂಡವರು ಯಾರು?”

“ಆಕೆಯ ಅತ್ತೆ.”

“ಅತ್ತೆ!” ಎಂದು ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. ಒಂದೂವರೆ ತಿಂಗಳ ಹಿಂದೆ ನಾನು ನಕ್ಕ ನಗೆಯನ್ನೇ ಅವರು ನಕ್ಕರು. ಉಣ್ಣೆ ತಿನ್ನುವೆಯಾ ಎಂದು ಸೊಸೆಯನ್ನು ಕೇಳಿದರು. ಇಲ್ಲವೆಂದು ಆಕೆ ತಮ್ಮ ಕುಲದೇವರು ಬೀರಪ್ಪನ ಆಣೆ ಮಾಡಿದಳು. “ಮತ್ತೇನು? ರೋಗಿಯೇ ಇಲ್ಲವೆನ್ನುತ್ತಾಳೆ.” ಅವರು ಮುಂದಿನವರನ್ನು ಕರೆಯಲು ಕೈ ಎತ್ತಿದರು.

ಆಗ ಮುದುಕಿ ತಾನು ಹೊದ್ದಿದ್ದ ಕಂಬಳಿಯ ಅಂಚಿನಿಂದ ಒಂದೆಳೆ ಜಗ್ಗಿ, ತುಂಡರಿಸಿ, ಎರಡು ತುದಿಗಳನ್ನು ಸೊಸೆಯ ಕೈಗೆ ಕೊಟ್ಟಳು. “ಎವ್ವಾ, ಇದನ್ನ ಕೂಡಸು.”

ಸೊಸೆಗೆ ಏಕೆಂದು ತಿಳಿಯಲಿಲ್ಲ. ಆದರೂ ಆಕೆಯ ಕೈ ತಾನಾಗಿ ನಡೆಯಿತು. ಎರಡು ತುದಿಗಳೂ ಬಾಯಿಗೆ ಹೋದವು. ಮುಂದಿನ ಹಲ್ಲಿನಲ್ಲಿ ಹಿಂಜಿದ ಎಳೆಗಳನ್ನು ಕತ್ತರಿಸಿದಳು, ನಾಲಿಗೆಯಿಂದ ತೇವ ಮಾಡಿದಳು, ತೆಗೆದು ಅಂಗೈಯಲ್ಲಿ ಹೊಸೆದಳು. ಗಂಟಿಲ್ಲದೆ ಎಳೆ ಒಂದಾಯಿತು. ಗಂಟಲು ಒಮ್ಮೆ ಏರಿ ಇಳಿಯಿತು.

ಸರ್ಜನ್ನರ ಎತ್ತಿದ ಕೈ ಹಾಗೆಯೇ ನಿಂತಿತ್ತು. “ಇನ್ನೊಂದು ಸಲ,” ಎಂದರು. ಇನ್ನೊಂದು ಸಲವೂ ಹಾಗೆಯೇ ಆಯಿತು. “ಕತ್ತರಿಸಿದ ಉಣ್ಣೆ ಎಲ್ಲಿ ಹೋಯಿತು? ಉಗುಳಲಿಲ್ಲವಲ್ಲ?”

“ಉಣ್ಣಿ ಹತ್ರ ಉಗುಳಬಾರ್ದ್ರಿ, ಅದು ಬೀರಪ್ಪಂದು,” ಎಂದಳು ಆಕೆ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. “ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದಾಗ ಅತ್ತಿ ಹೇಳಿಕೊಟ್ಟಾರ.”

ಅತ್ತೆ ನಿಧಾನವಾಗಿ ವಿವರಿಸಿದಳು. ತನಗೆ ಹಲ್ಲಿದ್ದಾಗ ಎಳೆ ಕಡಿದು, ಬಾಯಿಗೆ ಬಂದದ್ದನ್ನು ಸೆರಗಿಗೆ ಒರೆಸುತ್ತಿದ್ದಳಂತೆ. ಅದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಹಲ್ಲು ಹೋದ ಮೇಲೆ ಕೂಡಿಸುವ ಕೆಲಸವೆಲ್ಲ ಸೊಸೆಯದಾಯಿತು. ಯುದ್ಧದಿಂದ ಕಂಬಳಿಗೆ ಬೇಡಿಕೆ ಹೆಚ್ಚಿ, ಮಗ್ಗ ನಿಲ್ಲದೆ ನಡೆಯಿತು. ಹುಣಸೆ ಬೀಜದ ಸರಿ ಬಾಯಿಗೆ ರುಚಿ. ನುಂಗಿದ ಎಳೆಗಳು ಹೊಟ್ಟೆಯಲ್ಲಿ ಅಂಟಿ ಗಂಟಾಗಲೂ ಅದೇ ಸಾಕು.

ಸರ್ಜನ್ನರು ಆಕೆಯನ್ನು ಮಲಗಿಸಿ, ಮಂಡಿ ಮಡಚಿಸಿ, ಹೊಟ್ಟೆ ಸಡಿಲವಾಗುವವರೆಗೆ ಕಾದು ಹೆಬ್ಬೆರಳು ಒತ್ತಿದರು. ಕುಳಿ ಬಿತ್ತು. ಅವರು ನನ್ನ ಕಡೆ ನೋಡಲಿಲ್ಲ. “ನಾಳೆ ಬೆಳಿಗ್ಗೆ,” ಎಂದಷ್ಟೇ ಹೇಳಿದರು.

ಒಪ್ಪಿಗೆಯ ಕಾಗದಕ್ಕೆ ಮುದುಕಿ ಹೆಬ್ಬೆಟ್ಟು ಒತ್ತಿದಳು. ಸಹಾಯಕರು ಕಡಿಮೆಯಿದ್ದುದರಿಂದ ಎನಾಮಲ್ ತಟ್ಟೆ ಹಿಡಿಯಲು ನನ್ನನ್ನು ಒಳಗೆ ಕರೆದರು. ಈಥರಿನ ವಾಸನೆಯಲ್ಲಿ ನಿಂತು ನಾನು ಯೋಚಿಸುತ್ತಿದ್ದುದು ಒಂದೇ: ಒಳಗೆ ಇದ್ದದ್ದು ಗುಲ್ಮವೇ ಆಗಿದ್ದರೆ? ಜಠರವನ್ನು ಸೀಳಿದಾಗ ಮೊದಲು ಬಂದದ್ದು ದುರ್ನಾತ. ಆಮೇಲೆ ಸರ್ಜನ್ನರ ಎರಡೂ ಕೈ ಸೇರಿ ಹೊರತೆಗೆದದ್ದು ಕರಿಯ, ಬಾಗಿದ, ಹೊಳೆಯುವ ಒಂದು ಮುದ್ದೆ. ಜಠರದ ಆಕಾರದಲ್ಲಿ ಎರಕ ಹೊಯ್ದಂತಿತ್ತು. ಕೆಳತುದಿಯಲ್ಲಿ ಗೇಣುದ್ದದ ಬಾಲ ಕರುಳಿನೊಳಕ್ಕೆ ಇಳಿದಿತ್ತು. ತಟ್ಟೆ ನನ್ನ ಕೈಯಲ್ಲಿ ಜಗ್ಗಿತು. “ಇದರ ಮೇಲೆ ವಾಂತಿಯ ಬೇರು ಕುಡಿಸಿದ್ದರೆ ಜಠರವೇ ಹರಿಯುತ್ತಿತ್ತು,” ಎಂದರು ಅವರು, ಹೊಲಿಗೆ ಹಾಕುತ್ತ.

ಮೂರನೆಯ ದಿನ ಜ್ವರ ಏರಿತು. ಹೊಟ್ಟೆ ಉಬ್ಬಿತು, ನಾಡಿ ಎಣಿಸಲಾಗದಷ್ಟು ಓಡಿತು. ಸರ್ಜನ್ನರು ಬಂದು ಹೊಲಿಗೆ ನೋಡಿ ಹೋಗುತ್ತಿದ್ದರು. ಚಮಚದಲ್ಲಿ ನೀರು, ಅದೂ ಗಂಟೆಗೊಮ್ಮೆ. ಐದನೆಯ ದಿನ ಬೆವರು ಬಿಟ್ಟಿತು. ಅಂದಿಗೆ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತೆಂಬುದು ನನಗೆ ಆಮೇಲೆ ನೆನಪಾಯಿತು.

ಆರನೆಯ ದಿನ ಗಂಜಿಗೆ ಅಪ್ಪಣೆ ಸಿಕ್ಕಿತು. ಅಷ್ಟು ಹೊತ್ತಿಗೆ ಮುದುಕಿ ಆ ಮುದ್ದೆಯನ್ನು ನೋಡಬೇಕೆಂದು ಹಠ ಹಿಡಿದಿದ್ದಳು. ಸ್ಪಿರಿಟಿನ ಜಾಡಿಯ ಎದುರು ಅವಳನ್ನು ನಿಲ್ಲಿಸಿದೆ. ಅವಳು ಗಾಜಿಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

“ನಮ್ಮ ಕುರಿದಽ ಉಣ್ಣಿ,” ಎಂದಳು. ಆಮೇಲೆ, ನನ್ನ ಕಡೆ ತಿರುಗದೆ: “ಉಗುಳಬ್ಯಾಡ ಅಂತ ಹೇಳಿದಾಕಿ ನಾನು. ಹಂಗಾರ ಊರಾಗಿನ ಮಂದಿ ಅಂದದ್ದು ಖರೇನಽ ಆತಲ್ರಿ, ಸಾಹೇಬ್ರ? ಮದ್ದು ಹಾಕಿದಾಕಿ ನಾನಽ.”

ಹಾಗಲ್ಲವೆಂದು ಸುಲಭವಾಗಿ ಹೇಳಬಹುದಿತ್ತು. ಆದರೆ ಆ ಮುಖದ ಎದುರು ಸಮಾಧಾನದ ಸುಳ್ಳು ನಿಲ್ಲುವುದಿಲ್ಲವೆಂದು ತೋರಿತು. ನನಗೆ ಖಚಿತವಾಗಿ ಗೊತ್ತಿದ್ದುದನ್ನಷ್ಟೇ ಹೇಳಿದೆ.

“ಅವ್ವಾ, ನೀ ತಂದು ಕೈಯಾಗ ಇಟ್ಟದ್ದನ್ನ ಒಲಿಗೆ ಹಾಕಿದಾಂವ ನಾನು.”

ಅವಳು ಜಾಡಿಯಿಂದ ಕಣ್ಣು ತೆಗೆದು ನನ್ನನ್ನು ಅಳೆಯುವಂತೆ ನೋಡಿದಳು. ಒಳಗಿನಿಂದ ಸೊಸೆಯ ಕ್ಷೀಣ ದನಿ ಕೇಳಿಸಿತು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟಳು.

“ಹಂಗಾರ ಇಬ್ರೂ ಕೂಡಿ ಹಾಕೀವಿ, ಬಿಡ್ರಿ. ನಡೀರಿ ಈಗ, ಆಕಿ ಮೂರನೇ ತುತ್ತು ಕೇಳಾಕತ್ತಾಳ.”